ಎರಡು ಗಂಟಿನ ಹಸಿರು ದಾರ

ಸಿರಿಗೇರಿ
೧೪-೯-೧೯೭೮

ಸುಂಕಕ್ಕಗ, ನಿನ್ನ ತಂಗಿ ಜಡೆಮ್ಮ ಬರಿಯೋದು.

ಎಲ್ಲರೂ ಕ್ಷೇಮ ಅಂತ ಬರಿಯಾಕ ಬರಂಗಿಲ್ಲ, ಯಾಕಂದ್ರ ಎಮ್ಮಿ ಮೂರು ದಿನದಿಂದ ಮೇವು ಮುಟ್ಟಿಲ್ಲ. ಉಳಿದವರು ಆರಾಮದೀವಿ. ನೀನು ಬಳ್ಳಾರಿಯಾಗ ಪಕ್ಕೀರಮ್ಮ ಚಿಗವ್ವನ ಮನಿಯಾಗ ಬಿಸಿಬಿಸಿ ಉಂಡು ಪಿಯುಸಿ ಓದಾಕತ್ತಿ, ನಿನಗ ನಮ್ಮ ನೆನಪು ಎಲ್ಲಿ ಆಗ್ತೈತಿ ಬಿಡು.

ನನಗೊಂದು ಕೆಲಸ ಸಿಕ್ಕೈತಿ. ಕಳೆ ತೆಗಿಯೋದಲ್ಲ, ಹತ್ತಿ ಬಿಡಿಸೋದೂ ಅಲ್ಲ. ತಿಪ್ಪೇರುದ್ರಪ್ಪ ಗೌಡ್ರು ಕಾಲುವಿ ಕೆಳಗಿನ ಹೊಲದಾಗ ಈ ಸಲ ಬೀಜದ ಹತ್ತಿ ಹಾಕ್ಯಾರ. ಆಂಧ್ರದ ಕಡಿಂದ ಕಂಪನಿಯವರು ಬಂದು ನಮಗೆಲ್ಲ ಕಲಿಸಿಕೊಟ್ಟು ಹೋದ್ರು. ಕ್ರಾಸಿಂಗ್ ಅಂತಾರ ಇದಕ್ಕ. ನಾಳೆ ಅರಳೋ ಮೊಗ್ಗಿ ಯಾವುದಂತ ಇವತ್ತು ಹುಡುಕಬೇಕು. ಹೆಬ್ಬೆರಳಿನ ಉಗುರಿಂದ ಅದರ ಎಸಳು, ಹಳದಿ ಪುಡಿ, ಎಲ್ಲಾ ಸುಲಿದು ನಡುವಿನ ಕಡ್ಡಿ ಒಂದು ಬಿಡಬೇಕು. ಕಡ್ಡಿಗೆ ಉಗುರು ತಗಲಿತೋ, ಆ ಹೂವಿನ ಕಥಿ ಮುಗೀತು. ಆಮ್ಯಾಲೆ ಕೆಂಪು ಕಾಗದದ ಟೊಪ್ಪಿಗಿ ಹಾಕಿ ಪಕ್ಕದ ಟೊಂಗಿಗೆ ದಾರ ಕಟ್ಟಬೇಕು. ಮರುದಿನ ಮುಂಜಾನಿ ಬ್ಯಾರೆ ಹುಡಿಗೇರು ಬಂದು ಪಕ್ಕದ ಮಡಿಯಿಂದ ಗಂಡು ಹೂವು ಹರಕೊಂಡು ಆ ಕಡ್ಡಿಗೆ ಒರಸ್ತಾರ. ಎಂಟು ಮಂದಿಗೆ ಎಂಟು ಬಣ್ಣದ ದಾರ, ಯಾರ ಕೈಯಿಂದ ಎಷ್ಟು ಕಾಯಿ ನಿಂತಾವಂತ ತಿಳೀಬೇಕಲ್ಲ. ನನ್ನದು ಹಸಿರು.

ಸಾಲಿ ಈಗ ಮುಂಜಾನಿ ಪಾಳಿ, ಹನ್ನೆರಡಕ್ಕ ಬಿಡ್ತಾರ. ಎರಡರಿಂದ ಆರರತನ ಕೆಲಸ, ಅಷ್ಟಕ್ಕ ಮೂರು ರೂಪಾಯಿ. ಅವ್ವ ಹೊತ್ತು ಮುಳುಗೋತನ ಬೆನ್ನು ಬಗ್ಗಿಸಿ ಕಳೆ ತೆಗೆದ್ರ ಎರಡು. ಅಪ್ಪ ಕಡ್ಡಿ ಮುರಿದಂಗ ಹೇಳ್ಯಾನ: ಹತ್ತನೇತ್ತಿಗೆ ಸಿರುಗುಪ್ಪಕ್ಕ ಹೋಗಬೇಕಂದ್ರ ಬಸ್ಸು, ಪುಸ್ತಕ ಎಲ್ಲಾ ನಿನ್ನ ದುಡಿಮಿ, ಇಲ್ಲಾಂದ್ರ ಕುರುಗೋಡಿಗೆ ಅತ್ತಿ ಮನಿಗೆ ಹೋಗಿ ರೊಟ್ಟಿ ತಟ್ಟು ಅಂತ. ಅತ್ತಿ ಮನಿಯಾಗ ರೊಟ್ಟಿ ಒಂದೇ ಅಲ್ಲ, ಅತ್ತಿ ಮಗ ಮಾರೆಣ್ಣನೂ ಅದಾನ, ಅದು ನಿನಗೂ ಗೊತ್ತು. ಈ ಕೆಲಸ ಸಂಕ್ರಾಂತಿತನ ಉಳಿದ್ರ ನಾನು ಸಿರುಗುಪ್ಪಕ್ಕ ಹೋದಂಗ.

ಒಂದೇ ಒಂದು ಕಟ್ಟು ಐತಿ. ಗೌಡ್ರ ತಾಯಿ ಚನ್ನವೀರಮ್ಮಾರು ದಿನಾ ಕೆಲಸಕ್ಕ ಮೊದಲು ಒಬ್ಬೊಬ್ಬರ ಮುಖ ನೋಡಿ ಕೇಳ್ತಾರ, "ಯಾರರ ದೊಡ್ಡಾಕಿ ಆಗೀರೇನು?" ಅಂತ. ಮುಟ್ಟಾಗೋ ಹುಡಿಗೇರು ಕೈ ಹಚ್ಚಿದ್ರ ಹೂವು ಉದುರ್ತಾವಂತ. ಕಂಪನಿಯವರೂ ಹಂಗ ಹೇಳಿ ಹೋಗ್ಯಾರಂತ. ಹೊಸಾ ಬೆಳಿ, ಅವರಿಗೂ ಅಂಜಿಕಿ. ನಾವೆಲ್ಲ "ಇಲ್ರಿ" ಅಂತೀವಿ.

ಅಕ್ಕಾ, ಹೂವಿಗೆ ಹೆಂಗ ಗೊತ್ತಾಗ್ತೈತಿ? ಅದಕ್ಕ ಕಣ್ಣಿಲ್ಲ, ಮೂಗಿಲ್ಲ. ನೀನು ಗಿಡದ ಶಾಸ್ತ್ರ ಓದಾಕತ್ತಿ, ಹೇಳು ನೋಡೋಣ.

ಜಡಿ


ಬಳ್ಳಾರಿ
೨೩-೯-೧೯೭೮

ಜಡಿ,

ನಿನ್ನ ಕಾಗದ ಚಿಗವ್ವಗ ಓದಿ ಹೇಳಿದೆ. "ಇದು ಹುಡುಗಿಯೋ, ಪೊಲೀಸರ ಜವಾನನೋ, ಬರೇ ಪ್ರಶ್ನಿ ಕೇಳ್ತೈತಿ" ಅಂದ್ಲು.

ಹತ್ತಿ ಹೂವಿನಾಗ ಗಂಡೂ ಹೆಣ್ಣೂ ಎರಡೂ ಇರ್ತಾವು. ನೀನು ಸುಲಿದು ತೆಗಿಯೋದು ಗಂಡು, ಬಿಡೋ ಕಡ್ಡಿ ಹೆಣ್ಣು. ಉಗುರು ತಾಕಿದ್ರ, ಬಿಸಿಲು ಹೆಚ್ಚಾದ್ರ, ನೀರು ಕಡಿಮಿ ಆದ್ರ ಉದುರ್ತಾವು. ನಮ್ಮ ಪುಸ್ತಕದಾಗ ಇಷ್ಟು ಐತಿ. ನೀನು ಕೇಳಿದ್ದು ಅದರಾಗ ಇಲ್ಲ. ಹಿರಿಯರು ಸುಮ್ ಸುಮ್ನ ಹೇಳಂಗಿಲ್ಲ, ಏನರ ಇದ್ದೀತು.

ನನಗೂ ಒಂದು ಕೆಲಸ ಸಿಕ್ಕೈತಿ ತಾಯಿ, ನೀನೊಬ್ಬಾಕಿನ ದುಡಿಯಾಕಿ ಅನ್ಕೋಬ್ಯಾಡ. ಇಲ್ಲಿ ಕಾಳಿನ ವ್ಯಾಪಾರ ಮಾಡೋರ ಮನಿಯಾಗ ಎರಡು ಹುಡುಗರಿಗೆ ಸಂಜಿ ಪಾಠ. ತಿಂಗಳಿಗೆ ಮೂವತ್ತು ರೂಪಾಯಿ, ಮ್ಯಾಲೆ ಚಹಾ. ಆ ಮನಿಯಾಕಿ ಗುರುಬಸಮ್ಮಾರು ಬಾಳ ಛಲೋ ಹೆಂಗಸು. ಹೋದ ವಾರ ನಾಲ್ಕು ದಿನ ಜ್ವರ ಬಂದು ನಾನು ಹೋಗಲಿಲ್ಲ, ಈಗ ಆರಾಮದೀನಿ. ಅವ್ವಗ ಹೇಳಬ್ಯಾಡ.

ಕೈ ಹುಷಾರು. ಎಮ್ಮಿಗೆ ಏನಾತು ಬರಿ.

ಸುಂಕಿ


ಸಿರಿಗೇರಿ
೩-೧೦-೧೯೭೮

ಅಕ್ಕಾ,

ಎಮ್ಮಿ ಎದ್ದು ಮೇಯಾಕತ್ತೈತಿ.

ನಾನು ಒಂದು ಪರೀಕ್ಷಿ ಹಚ್ಚೀನಿ. ಸಾಲಿಯದ್ದಲ್ಲ, ಹೊಲದಾಗ. ಕೆಲವು ಹೂವಿಗೆ ಹಸಿರು ದಾರ ಒಂದು ಗಂಟು ಹಾಕಿ ಕಟ್ಟೀನಿ, ಕೆಲವಕ್ಕ ಎರಡು ಗಂಟು. ಯಾಕಂತ ಈಗ ಹೇಳಂಗಿಲ್ಲ. ಅವ್ವ ಬಾಯಿ ಬಿಟ್ಟೀ ಜ್ವಾಕಿ ಅಂದಾಳ, ಅಕಿ ಹಂಗ ಅನ್ನೋದು ಅಪರೂಪ. ಚನ್ನವೀರಮ್ಮಾರಿಗಂತೂ ಗೊತ್ತಾಗಬಾರದು. ಗೊತ್ತಾದ್ರ ಕೆಲಸ ಹೋತು, ಸಿರುಗುಪ್ಪನೂ ಹೋತು.

ದಿನಾ ಕೆಲಸಕ್ಕ ಹೋದ ಕೂಡ್ಲೆ ಮೊದಲು ಎರಡು ಗಂಟಿನವು ನೋಡ್ತೀನಿ. ಹತ್ತು ದಿನ ತಡಿ, ಹೇಳ್ತೀನಿ.

ಜಡಿ


ಬಳ್ಳಾರಿ
೯-೧೦-೧೯೭೮

ಜಡೆಮ್ಮ,

ನಿನ್ನ ಕಾಗದ ಓದಿ ನನಗ ಸಿಟ್ಟು ಬಂದೈತಿ. ಯಾರದು ಎಷ್ಟು ಅನ್ನೋ ಲೆಕ್ಕ ದಾರದ ಮ್ಯಾಲೆ ಹಿಡೀತಾರಂತ ನೀನೇ ಬರೆದಿದ್ದಿ. ಒಂದಕ್ಕ ಎರಡು ಗಂಟು ಹಾಕಿ ಎರಡು ಅಂತ ತೋರ್ಸಾಕತ್ತಿ ಏನು? ಅವ್ವ ಅದಕ್ಕ ಬಾಯಿ ಮುಚ್ಚು ಅಂದಾಳ ಅಂದ್ರ ನಂಬಾಕ ಆಗವಲ್ದು. ನಮ್ಮಪ್ಪ ಅದೇ ಗೌಡ್ರ ಹೊಲದಾಗ ಇಪ್ಪತ್ತು ವರ್ಷ ದುಡಿದಾನ, ಒಂದು ತೆನಿ ಮುರಿದು ಮಡಿಲಿಗೆ ಹಾಕ್ಕೊಂಡಿಲ್ಲ. ಹತ್ತನೇತ್ತಿ ಓದಾಕ ಕಳ್ಳತನ ಮಾಡಬೇಕಾ? ಹಂಗ ಓದೋದಕ್ಕಿಂತ ಕುರುಗೋಡೇ ಪಾಡು.

ನಾಳಿಗೇ ಆ ಎರಡು ಗಂಟು ಬಿಚ್ಚು.

ಸುಂಕಿ


ಸಿರಿಗೇರಿ
೧೩-೧೦-೧೯೭೮

ಅಕ್ಕಾ,

ನಿನ್ನ ಕಾಗದ ಓದಿ ಅತ್ತೆ. ನಾನು ಕಳ್ಳಿ ಅಂತ ನಿನಗ ಅನ್ಸಿತಲ್ಲ. ಉತ್ತರಾನ ಬರಿಯಬಾರದಂತ ಮಾಡಿದ್ದೆ, ಆದ್ರ ಹೇಳದಿದ್ರ ನೀನು ಹಂಗ ತಿಳ್ಕೊಂಡು ಕುಂದರ್ತಿ. ಈಗ ನೆಟ್ಟಗ ಹೇಳ್ತೀನಿ, ಚಿಗವ್ವಗ ಓದಿ ಹೇಳಬ್ಯಾಡ.

ನಾನು ದೊಡ್ಡಾಕಿ ಆದೆ. ಸೆಪ್ಟೆಂಬರ್ ಇಪ್ಪತ್ತೆಂಟಕ್ಕ, ಸಾಲಿ ಬಿಟ್ಟು ಮನಿಗೆ ಬಂದ ಮ್ಯಾಲೆ. ಅವ್ವಗ ಹೇಳಿದೆ. ಆರತಿ, ಉಡಿಯಕ್ಕಿ, ಓಣಿಯವರನ್ನ ಕರಿಯೋದು, ಎಲ್ಲಾ ಮಾಡ್ತಾಳ ಅಂತ ಕಾಯ್ಕೊಂಡು ನಿಂತೆ. ಅವ್ವ ಬಾಗಿಲ ಹಾಕಿ ನನ್ನ ಗದ್ದ ಹಿಡಿದು, "ಹಂಗಾಮ ಮುಗಿಯೋತನ ನೀನು ಸಣ್ಣಾಕಿನ. ಅಪ್ಪಗೂ ಹೇಳಬ್ಯಾಡ. ಹೂಂ ಅನ್ನು" ಅಂದ್ಲು. ಹೂಂ ಅಂದೆ. ಅಕಿ ಕಣ್ಣಾಗ ನೀರಿತ್ತು, ಮಗಳಿಗೆ ಒಂದು ಹಸಿರು ಬಳಿ ಇಡಿಸಾಕ ಆಗಲಿಲ್ಲಂತ. ನನಗ ಅವತ್ತು ಅವ್ವನ ಮ್ಯಾಲೆ ಎಲ್ಲಿಲ್ಲದ ಪ್ರೀತಿ ಬಂತು.

ಅವತ್ತೇ ಎರಡಕ್ಕ ಹೊಲಕ್ಕ ಹೋದೆ. ಚನ್ನವೀರಮ್ಮಾರು ಕೇಳಿದ್ರು, ನಾನು "ಇಲ್ರಿ" ಅಂದೆ. ಮೊದಲನೇ ಮೊಗ್ಗಿ ಹಿಡಿಯೋಮುಂದ ಅಂಜಿಕಿ ಬಂತು. ನನ್ನಿಂದ ಗೌಡ್ರ ಹೊಲ ಹಾಳಾದ್ರ ಹೆಂಗ? ಕೆಲಸ ಬಿಟ್ಟು ಓಡಿ ಹೋಗಬೇಕು ಅನ್ಸಿತು. ಆಮ್ಯಾಲೆ ಒಂದು ವಿಚಾರ ಬಂತು. ಉದುರೋದಾದ್ರ ಯಾವಾವು ಉದುರ್ತಾವಂತ ನನಗ ತಿಳೀಬೇಕು. ಆ ನಾಲ್ಕು ದಿನ ಮುಟ್ಟಿದ ಹೂವಿಗೆಲ್ಲ ಎರಡು ಗಂಟು ಹಾಕಿದೆ. ಐದನೇ ದಿನದಿಂದ ಮತ್ತ ಒಂದೇ ಗಂಟು.

ಹೂವು ನಿಲ್ಲದಿದ್ರ ಐದಾರು ದಿನಕ್ಕ ಹಳದಿ ಆಗಿ ಉದುರ್ತೈತಿ. ಹದಿನೈದು ದಿನ ಆತು ಅಕ್ಕಾ. ಎರಡು ಗಂಟಿನವು ನಿಂತಾವು. ಎಲ್ಲಾ ಅಲ್ಲ, ಕೆಲವು ಬಿದ್ದಾವು, ಒಂದು ಗಂಟಿನವೂ ಕೆಲವು ಬಿದ್ದಾವು. ನೆಲ್ಲಿಕಾಯಿ ಅಷ್ಟು ಆಗ್ಯಾವು ಕಾಯಿ. ನನ್ನ ಕಣ್ಣಿಗಂತೂ ಎರಡು ಗಂಟಿನವೇ ಒಂದು ಕೈ ಮ್ಯಾಲೆ ಕಾಣ್ತಾವು.

ಈಗ ಹೇಳು, ನಾನು ಕಳ್ಳಿನಾ? ಸುಳ್ಳಿ ಅಂತ ಬೇಕಾರ ಅನ್ನು, ಅದು ಖರೆ.

ಜಡಿ


ಬಳ್ಳಾರಿ
೨-೧೧-೧೯೭೮

ಜಡಿ, ನನ್ನ ಕಂದ,

ಇಪ್ಪತ್ತು ದಿನ ಕಾಗದ ಬರೀಲಿಲ್ಲ. ಅಕ್ಕ ಮುಖ ತಿರುಗಿಸಿದ್ಲು ಅಂತ ತಿಳ್ಕೊಂಡಿರ್ತಿ. ಖರೆ ಹೇಳ್ತೀನಿ, ನಿನ್ನ ಕಾಗದ ಓದಿ ಮೊದಲು ನನಗೂ ಅಂಜಿಕಿ ಬಂತು. ಏನು ಕೇಡು ಕಾದೈತೋ, ಇಕಿಗೆ ಎಂಥ ಧೈರ್ಯ ಅಂತ. ಗಿಡದ ಶಾಸ್ತ್ರ ಓದೋ ನಾನು ಅಂಜಿದೆ, ಒಂಬತ್ತನೇತ್ತಿ ಹುಡುಗಿ ಹೋಗಿ ನೋಡಿದಿ. ನಾಚಿಕಿ ಆತು. ಕಳ್ಳತನ ಅಂದಿದ್ದು ಹೊಟ್ಯಾಗ ಹಾಕ್ಕೋ.

ಕಾಲೇಜಿನಾಗ ನಮ್ಮ ಲೆಕ್ಚರರಿಗೆ ಕೇಳಿದೆ, ಯಾರ ಸುದ್ದಿ ಅಂತ ಹೇಳಲಿಲ್ಲ. "ಎರಡು ರೀತಿ ಹೂವು ಅದಾವು, ಯಾವುದು ಹೆಚ್ಚು ನಿಂತೈತಿ ಅಂತ ತಿಳಿಯೋದು ಹೆಂಗ್ರಿ?" ಅಂದೆ. ಅವರು, "ಎಣಿಸಿದವರು ಯಾರು?" ಅಂತ ಕೇಳಿದ್ರು. ಹೂವು ಸುಲಿದಾಕಿನ ಅಂದೆ. "ಹಂಗಾರ ಆ ಲೆಕ್ಕ ಬಿಡು. ಹೆತ್ತವರಿಗೆ ಹೆಗ್ಗಣ ಮುದ್ದು. ಯಾವ ಹೂವು ಯಾವುದಂತ ಗೊತ್ತಿಲ್ಲದವರು ನೋಡಿ ಹೇಳಬೇಕು" ಅಂದ್ರು.

ನಿನಗೂ ಅದೇ ಹೇಳ್ತೀನಿ. ಎರಡು ಗಂಟಿನವು ಚಂದ ಕಾಣ್ತಾವು ಅಂದಿಯಲ್ಲ, ಅವು ಚಂದ ಕಾಣಲಿ ಅಂತ ನಿನ್ನ ಆಸಿ. ಅಲ್ಲಿ ಗೊತ್ತಿಲ್ಲದವರು ಯಾರರ ಅದಾರೇನು?

ಸುಂಕಿ


ಸಿರಿಗೇರಿ
೧೧-೧೧-೧೯೭೮

ಅಕ್ಕಾ,

ಗೊತ್ತಿಲ್ಲದವರು ಸಿಕ್ಕ್ರು. ಯಾರಂತಿ? ಚನ್ನವೀರಮ್ಮಾರೇ.

ಸೋಮವಾರಕ್ಕೊಮ್ಮೆ ಅವರು ಒಬ್ಬೊಬ್ಬರ ದಾರ ಹಿಡಿದು ಎಷ್ಟು ಕಾಯಿ ನಿಂತಾವಂತ ನೋಡ್ತಾರ. ಹಿಂದ ಒಬ್ಬ ಹುಡುಗಿ ಹುಣಸಿ ಬೀಜ ಹಿಡ್ಕೊಂಡು ಹೋಗಬೇಕು, ಲೆಕ್ಕಕ್ಕ. ನನ್ನ ಸಾಲಿಗೆ ನಾನೇ ಹೋದೆ. ಅವರಿಗೆ ಕಾಯಿ ಕಾಣ್ತೈತಿ, ದಾರದ ಬಣ್ಣ ಕಾಣ್ತೈತಿ, ಗಂಟು ಕಾಣೋವಷ್ಟು ಕಣ್ಣಿಲ್ಲ. ಅವರು "ನಿಂತೈತಿ" ಇಲ್ಲಾ "ಬಿದ್ದೈತಿ" ಅಂತ ಅನ್ನೋರು. ನಾನು ಗಂಟು ನೋಡಿ, ಒಂದು ಗಂಟಿನ ಬೀಜ ಲಂಗದ ಎಡಗಡಿ ಮಡಿಕಿಗೆ, ಎರಡು ಗಂಟಿನವು ಬಲಗಡಿಗೆ ಹಾಕಿದೆ. ಬಿದ್ದವನ್ನೂ ಹಂಗ ಎರಡು ಪಾಲು ಮಾಡಿ ಕೈ ಚೀಲದಾಗ ಬ್ಯಾರೆ ಇಟ್ಟೆ. ಹೋದ ತಿಂಗಳ ಕಡೀಗೆ ಮತ್ತ ನಾಲ್ಕು ದಿನ ಬಂತಲ್ಲ, ಅವೂ ಕೂಡಿದ್ವು.

ಮನಿಗೆ ಬಂದು ಲೆಕ್ಕ ಹಾಕಿದೆ. ಒಂದು ಗಂಟಿನವು ನೂರಕ್ಕ ಅರವತ್ತೆಂಟು ನಿಂತಾವು. ಎರಡು ಗಂಟಿನವು ನೂರಕ್ಕ ಎಪ್ಪತ್ತು. ಎರಡು ಹೆಚ್ಚು ಬಂತು ಅಂತ ಕುಣಿದೆ. ಆಮ್ಯಾಲೆ ನಿಮ್ಮ ಲೆಕ್ಚರರ ಹೆಗ್ಗಣ ನೆನಪಾತು, ಸುಮ್ನ ಕುಂತೆ. ಎರಡೂ ಒಂದೇ ಅಂತ ಬರಕೋ. ಎಂಟು ಮಂದಿಯೊಳಗ ಹಸಿರೇ ಮುಂದ, ಚನ್ನವೀರಮ್ಮಾರು ಎಲ್ಲರ ಮುಂದ "ಜಡೆಮ್ಮನ ಕೈಗುಣ ನೋಡ್ರಿ" ಅಂದ್ರು.

ಇಲ್ಲಿಗೆ ನಿಲ್ಲಿಸಿದ್ರ ಛಲೋ ಇತ್ತು. ಆದ್ರ ಇನ್ನೊಂದು ಐತಿ. ನಮ್ಮ ಜೊತಿ ಬಿಳಿ ದಾರದಾಕಿ ಹೊನ್ನೂರಮ್ಮ, ಕೆಳಗಿನ ಓಣಿ ಮೂಕಪ್ಪನ ಮಗಳು, ನನಗಿಂತ ಒಂದು ವರ್ಷ ಸಣ್ಣಾಕಿ. ಗುರುವಾರ ಕೆಲಸದಾಗಿದ್ದಾಗನ ದೊಡ್ಡಾಕಿ ಆದ್ಲು, ಎಲ್ಲರಿಗೂ ಗೊತ್ತಾತು. ಅದಕ್ಕ ಮೊದಲು ಮೂರು ದಿನ ಮೋಡ ಮುಸುಕಿ ಗಾಳಿ ಬಿಟ್ಟು ಎಲ್ಲರ ಹೂವೂ ಉದುರಿದ್ವು, ನನ್ನವೂ ಉದುರಿದ್ವು. ಗೌಡ್ರು ಹೊಲಕ್ಕ ಬಂದು ತಲಿ ಮ್ಯಾಲೆ ಕೈ ಹೊತ್ತು ನಿಂತ್ರು. ಚನ್ನವೀರಮ್ಮಾರು "ಇದಾ ಕಾರಣ" ಅಂದ್ರು. ಹೊನ್ನೂರಮ್ಮನ್ನ ಅಲ್ಲೇ ಬಿಡಿಸಿದ್ರು. ಅಕಿ "ನನಗ ಇವತ್ತ ಆಗಿದ್ದು ರೀ" ಅಂತ ಅಳ್ತಾ ಹೋದ್ಲು. ಓಣಿ ಮಂದಿ ಈಗ ಅಕಿನ್ನ ನೋಡಿದ್ರ ಹತ್ತಿ ಉದುರಿಸಿದಾಕಿ ಅಂತಾರ.

ನಾನು ಬಾಯಿ ಬಿಡಲಿಲ್ಲ. ನನ್ನ ಕೈಯಾಗ ಲೆಕ್ಕ ಇತ್ತು, ಬಾಯಿ ಬಿಡಲಿಲ್ಲ. ಬಿಟ್ರ ನಾನೂ ಹೋದೆ, ಸಿರುಗುಪ್ಪ ಹೋತು, ಕುರುಗೋಡಿಗೆ ನಡಿ ಅಂತಾನ ಅಪ್ಪ. ಬಿಡದಿದ್ರ ಹೊನ್ನೂರಮ್ಮ ಹತ್ತಿ ಉದುರಿಸಿದಾಕಿ ಆಗೇ ಉಳೀತಾಳ. ಏನು ಮಾಡ್ಲಿ ಹೇಳಕ್ಕಾ.

ಜಡಿ


ಬಳ್ಳಾರಿ
೧೬-೧೧-೧೯೭೮

ಜಡಿ,

ನಾನಾಗಿದ್ರ ಸುಮ್ನಿರ್ತಿದ್ದೆ. ನಿನಗ ಹೇಳು ಅಂತಲೂ ಅನ್ನಂಗಿಲ್ಲ, ಬ್ಯಾಡ ಅಂತಲೂ ಅನ್ನಂಗಿಲ್ಲ. ಕೆಲಸ ಹೋಗೋದು ನಿನ್ನದು.

ಆದ್ರ ನಾನೊಂದು ಮುಚ್ಚಿಟ್ಟಿದ್ದೆ, ಅದು ಹೇಳ್ತೀನಿ. ನನಗ ಜ್ವರ ಬಂದಿರಲಿಲ್ಲ. ತಿಂಗಳಾ ನಾಲ್ಕು ದಿನ ಚಿಗವ್ವ ನನ್ನ ಹಿತ್ತಲ ಕೋಣ್ಯಾಗ ಕುಂದರಿಸ್ತಾಳ, ಪುಸ್ತಕ ಮುಟ್ಟಂಗಿಲ್ಲ, ಪಾಠಕ್ಕ ಹೋಗಂಗಿಲ್ಲ. ಗುರುಬಸಮ್ಮಾರಿಗೆ ಪ್ರತಿ ಸಲ ಜ್ವರ ಅಂದೆ. ಹೋದ ವಾರ ಅವರು, "ಪದೇ ಪದೇ ಜಡ್ಡು ಬೀಳೋ ಹುಡುಗಿ, ನಮ್ಮ ಹುಡುಗರಿಗೂ ಅಂಟೀತು, ಬ್ಯಾರೆಯವರನ್ನ ನೋಡ್ತೀವಿ" ಅಂದ್ರು. ಮೂವತ್ತು ರೂಪಾಯಿ ಹೋಗೋದು ನೋಡಿ ಖರೆ ಹೇಳಿಬಿಟ್ಟೆ.

ಅವರು ನಕ್ಕ್ರು. "ನಮ್ಮ ಮನಿಯಾಗ ಅದೆಲ್ಲ ಇಲ್ಲವ್ವಾ. ನಾವು ಲಿಂಗ ಕಟ್ಟಿದವರು, ಆ ದಿನಾನೂ ಲಿಂಗಪೂಜಿ ಮಾಡ್ತೀವಿ. ನೀನು ಬಂದು ಪಾಠ ಹೇಳು" ಅಂದ್ರು. ನಾವು ಅಂಜಿ ಅಂಜಿ ಕುಂದರೋದು ಅವರಿಗೆ ಗೊತ್ತೇ ಇಲ್ಲ.

ನಿಮ್ಮ ಚನ್ನವೀರಮ್ಮಾರೂ ಲಿಂಗ ಕಟ್ಟಿದವರೇ. ಹೊಲದಾಗ ಯಾಕ ಹಿಂಗ ಅಂತ ನನಗ ತಿಳೀವಲ್ದು. ನಿನಗ ತಿಳಿದ್ರ ಬರಿ.

ಸುಂಕಿ


ಸಿರಿಗೇರಿ
೨೨-೧೧-೧೯೭೮

ಅಕ್ಕಾ,

ನಿನ್ನ ಕಾಗದ ಶನಿವಾರ ಬಂತು. ಎರಡು ದಿನ ಅದನ್ನ ಪಾಟಿಚೀಲದಾಗ ಇಟ್ಕೊಂಡು ತಿರುಗಿದೆ. ಸೋಮವಾರ ಲೆಕ್ಕದ ದಿನ. ಸಾಲಿ ಬಿಟ್ಟ ಕೂಡ್ಲೆ, ಉಳಿದ ಹುಡಿಗೇರು ಬರೋಕಿಂತ ಮೊದಲ ಹೊಲಕ್ಕ ಹೋದೆ. ಚನ್ನವೀರಮ್ಮಾರು ಬಾವಿ ಕಟ್ಟಿ ಮ್ಯಾಲೆ ಕುಂತು, ಎಡಗೈಯಾಗ ಲಿಂಗ ಇಟ್ಕೊಂಡು ಪೂಜಿ ಮಾಡಾಕತ್ತಿದ್ರು. ಪೂಜಿ ಮುಗಿದು ಬುತ್ತಿ ಬಿಚ್ಚೋತನ ನಿಂತೆ.

"ಅಮ್ಮಾರ, ಹೊನ್ನೂರಮ್ಮನ್ನ ಕರಕೋರಿ. ನಾನು ದೊಡ್ಡಾಕಿ ಆಗಿ ಎರಡು ತಿಂಗಳಾಗಾಕ ಬಂತು" ಅಂದೆ. ಎರಡು ಗಂಟಿನ ವಿಷಯನೂ ಹೇಳಿದೆ.

ಬೈತಾರ ಅನ್ಕೊಂಡಿದ್ದೆ. ಬುತ್ತಿ ಹಂಗ ಮುಚ್ಚಿ, "ನಡಿ, ತೋರ್ಸು" ಅಂದ್ರು. ಕಣ್ಣಿಗೆ ಕಾಣಂಗಿಲ್ಲಲ್ಲ, ಬೆರಳಿಂದ ಒಂದೊಂದು ದಾರ ತಡವಿ ಗಂಟು ಎಣಿಸಿದ್ರು. "ಇದೂ ಆ ದಿನದ್ದಾ?" "ಹೌದ್ರಿ." "ಇದೂ?" "ಹೌದ್ರಿ." ಕಾಯಿ ಒತ್ತಿ ಒತ್ತಿ ನೋಡಿದ್ರು. ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ಹೋದ್ರು. ಬಿಸಿಲು ನೆತ್ತಿ ಮ್ಯಾಲಿತ್ತು, ಅವರಿಗೆ ಅದರ ಖಬರೇ ಇರಲಿಲ್ಲ.

"ಹುಚ್ಚಿ, ಎಲ್ಲಾ ಉದುರಿದ್ರ ಏನು ಮಾಡ್ತಿದ್ದಿ?"

ಆಗಲೇ ಬಂದು ಹೇಳ್ತಿದ್ದೆ ಅನ್ನಬಹುದಿತ್ತು. "ಗೊತ್ತಿಲ್ರಿ" ಅಂದೆ, ಖರೆ ಅದಾ.

ಆಮ್ಯಾಲೆ ಧೈರ್ಯ ಮಾಡಿ ಕೇಳಿದೆ, "ಅಮ್ಮಾರ, ಸಿಟ್ಟಾಗಬ್ಯಾಡ್ರಿ. ವಯಸ್ಸಿನಾಗ ಇದ್ದಾಗ ಆ ದಿನ ನೀವು ಲಿಂಗಪೂಜಿ ಬಿಡ್ತಿದ್ರೇನ್ರಿ?"

"ಒಂದು ದಿನಾನೂ ಬಿಟ್ಟಿಲ್ಲ. ಲಿಂಗ ಕಟ್ಟಿದ ಮೈಗೆ ಎಂಥಾ ಮೈಲಿಗಿ?" ಅಂದ್ರು ತಟ್ಟನ. ಅಂದವರು ಅಲ್ಲೇ ನಿಂತ್ರು. ನನ್ನ ಹಸಿರು ದಾರದ ಎರಡು ಗಂಟು ಮತ್ತೊಮ್ಮೆ ತಡವಿದ್ರು.

ಕಡೀಗೆ ಅಂದ್ರು, "ಕಂಪನಿಯವರು ದೊಡ್ಡ ಬೀಜ, ದೊಡ್ಡ ರೊಕ್ಕ ಅಂದ್ರು. ಹೊಸದು ಹೆಂಗೋ ಏನೋ ಅಂತ ಅಂಜಿಬಿಟ್ಟೆ. ನಮ್ಮ ಮನಿಯಾಗ ಇಲ್ಲದ್ದು ಹೊಲಕ್ಕ ತಂದುಬಿಟ್ಟೆ ನೋಡು." ನಿನ್ನ ಪ್ರಶ್ನಿಗೆ ಉತ್ತರ ಇದು ಅಕ್ಕಾ, ಅವರ ಬಾಯಿಂದಲೇ ಬಂತು.

ಹುಡಿಗೇರು ಬಂದ್ರು. ದಿನಾ ಕೇಳೋದು ಅವತ್ತು ಕೇಳಲಿಲ್ಲ. "ಮೂಕಪ್ಪನ ಮನಿಗೆ ನಾನೇ ಹೋಗಿ ಹೇಳ್ತೀನಿ. ಹೊನ್ನೂರಮ್ಮ ನಾಳಿಂದ ಬರ್ತಾಳ, ಅಕಿ ಕೈಯಿಂದ ಏನೂ ಉದುರಿಲ್ಲ, ಗಾಳಿಗೆ ಉದುರ್ಯಾವು" ಅಂತ ಎಲ್ಲರ ಮುಂದ ಅಂದ್ರು. ನನ್ನ ಕಡಿ ತಿರುಗಿ, "ಜಡೆಮ್ಮ, ನೀನು ಮಾತ್ರ ನಾಲ್ಕು ದಿನ ಹೊಲಕ್ಕ ಬರಬ್ಯಾಡ" ಅಂದ್ರು.

"ಈಗ ನೀವೇ ಮೈಲಿಗಿ ಇಲ್ಲ ಅಂದ್ರೆಲ್ರಿ" ಅಂದೆ.

"ಮೈಲಿಗಿಗಲ್ಲ. ದಿನಾ ನನ್ನ ಮುಖ ನೋಡಿ ಸುಳ್ಳು ಹೇಳಿದೆಲ್ಲ, ಅದಕ್ಕ. ಐದನೇ ದಿನ ಎರಡಕ್ಕ ಸರಿಯಾಗಿ ಬರಬೇಕು. ಬರದಿದ್ರ ಮನಿಗೆ ಬಂದು ಎಳ್ಕೊಂಡು ಬರ್ತೀನಿ."

ಮನಿಗೆ ಬಂದು ಎಲ್ಲಾ ಹೇಳಿದೆ. ಅಪ್ಪ "ನಾಲ್ಕೇ ದಿನ ಅಂದ್ರಾ? ಹಂಗಾರ ಕುರುಗೋಡಿಗೆ ಹೇಳಿ ಕಳಿಸೋದು ಬ್ಯಾಡ" ಅಂದು ಎಮ್ಮಿ ಕಡಿ ಹೋದ.

ನಿನ್ನೆ ಮುಂಜಾನಿ ಎದ್ದು ನೋಡ್ತೀನಿ, ಅವ್ವ ಕೂಲಿಗೆ ಹೋಗಿಲ್ಲ. ಶೇಂಗಾ ಗೋಣಿ ಬಿಚ್ಚಿ ಪಡಸಾಲಿಯಾಗ ಕುಂತಾಳ. "ಯಾಕವ್ವಾ, ಹೋಗಲಿಲ್ಲ?" ಅಂದೆ. "ಸುಳ್ಳು ಹೇಳಿದಾಕಿಗೆ ನಾಲ್ಕು ದಿನ ಅಂದ್ರ, ಹೇಳಿಕೊಟ್ಟಾಕಿಗೆ ಒಂದು ದಿನರ ಬ್ಯಾಡ?" ಅಂದ್ಲು. ಸಾಲಿಯಿಂದ ಬಂದ ಮ್ಯಾಲೆ ಇಬ್ಬರೂ ಕೂಡಿ ಸಂಜೀತನ ಶೇಂಗಾ ಒಡದ್ವಿ.

ಜಡಿ